ಎಲ್ಲರ ಪಟ್ಟಿ, ಒಂದೇ ತಿಂಗಳು

ಊರು ಬಿಟ್ಟು ಬಂದವರ ಮನೆಯ ಕ್ಯಾಲೆಂಡರು ಎರಡು ಊರಿನ ಲೆಕ್ಕ ಇಡಬೇಕಾಗುತ್ತದೆ. ಒಂದು ನಾವು ದುಡಿದು ತಿನ್ನುವ ಊರಿನದು, ಇನ್ನೊಂದು ಹೆತ್ತವರು ಇನ್ನೂ ಇರುವ ಊರಿನದು. ಚೌಕ ಮಾತ್ರ ದಿನಕ್ಕೆ ಒಂದೇ. ಆ ಒಂದು ಚೌಕದಲ್ಲಿ ಮುಂಬಯಿಯನ್ನೂ ಧಾರವಾಡವನ್ನೂ, ಜೊತೆಗೆ ಪುಣೆ ಹೈದರಾಬಾದುಗಳನ್ನೂ ಕೂಡಿಸಿದ ಕತೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಂಥ ಹೊರನಾಡಿನ ಎಷ್ಟೋ ಮನೆಗಳಲ್ಲಿ ಇದೇ ಪರದಾಟ ಇದ್ದೀತು ಎಂಬ ನಂಬಿಕೆಯಿಂದ.

ನಾವು ಮೂವರು ಮಕ್ಕಳು. ಅಣ್ಣ ಹೈದರಾಬಾದಿನಲ್ಲಿ ಔಷಧ ಕಂಪನಿಯೊಂದರಲ್ಲಿದ್ದಾನೆ, ಪಾಳಿಯ ಕೆಲಸ. ತಂಗಿ ಪುಣೆಯಲ್ಲಿ ಶಾಲೆಯ ಟೀಚರು. ನಾನು ಮುಂಬಯಿಯಲ್ಲಿ ಲೆಕ್ಕಪತ್ರದ ಕೆಲಸದಾಕೆ. ಅಪ್ಪ ರೈಲ್ವೆಯಲ್ಲಿದ್ದವರು, ಈಗಿಲ್ಲ. ಎಪ್ಪತ್ತನಾಲ್ಕರ ಅವ್ವ ಧಾರವಾಡದ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ನಮ್ಮಲ್ಲಿ ಯಾರ ಮನೆಗೆ ಬಂದರೂ ಹದಿನೈದನೇ ದಿನಕ್ಕೆ ಅವಳ ಚೀಲ ತಯಾರಾಗಿರುತ್ತದೆ.

ಮೂವರಿಗೂ ಪಟ್ಟಿ ಬರೆಯುವ ಚಟವಿದೆ. ಅದು ಅಪ್ಪನಿಂದ ಬಂದದ್ದು. ಅಪ್ಪ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ನಮ್ಮ ಶಾಲೆಯ ಫೀ ಎಲ್ಲವನ್ನೂ ಗೋಡೆಯ ಕ್ಯಾಲೆಂಡರಿನ ಚೌಕದಲ್ಲೇ ಸಣ್ಣಕ್ಷರದಲ್ಲಿ ಬರೆಯುತ್ತಿದ್ದರು. ನಾವು ನೋಷನ್ ಎಂಬ ಆ್ಯಪ್‌ನಲ್ಲಿ ಬರೆಯುತ್ತೇವೆ. ಅದರಲ್ಲಿ ಪಟ್ಟಿಗೆ ಡೇಟಾಬೇಸ್ ಎನ್ನುತ್ತಾರೆ. ಒಂದೊಂದು ಕೆಲಸ ಒಂದೊಂದು ಸಾಲು. ದಿನಾಂಕ, ಯಾರು ಮಾಡಬೇಕು, ಮುಗಿಯಿತೇ ಎಂಬವು ಕಾಲಮ್ಮುಗಳು. ಅದೇ ಪಟ್ಟಿಯನ್ನು ಬೇಕಾದಾಗ ಕ್ಯಾಲೆಂಡರಿನ ರೂಪದಲ್ಲಿ ನೋಡಬಹುದು.

ನನ್ನ ಪಟ್ಟಿಯಲ್ಲಿ ಪ್ರತಿ ತಿಂಗಳ 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ. ತಂಗಿಯದರಲ್ಲಿ ಪರೀಕ್ಷೆ, ಪಾಲಕರ ಸಭೆ. ಅಣ್ಣನದರಲ್ಲಿ ಪಾಳಿ, ತಪಾಸಣೆ. ಇವಲ್ಲದೆ ಅವ್ವನ ಔಷಧ ಮತ್ತು ಡಾಕ್ಟರ್ ಭೇಟಿಯ ಪಟ್ಟಿ ತಂಗಿಯ ಹತ್ತಿರ. ಧಾರವಾಡದ ಮನೆಯ ಕರ, ನೀರಿನ ಟ್ಯಾಂಕ್, ಅಪ್ಪನ ಕುಟುಂಬ ಪಿಂಚಣಿಯ ಪಟ್ಟಿ ಅಣ್ಣನ ಹತ್ತಿರ. ಒಟ್ಟು ಐದು.

2025ರ ಆಗಸ್ಟ್ 15 ಶುಕ್ರವಾರ ಬಂತು. ಶನಿವಾರ, ಭಾನುವಾರ ಸೇರಿ ಮೂರು ದಿನ ರಜೆ. ಮೂವರೂ, ಒಬ್ಬರಿಗೊಬ್ಬರು ಹೇಳದೆ, ಅವ್ವನನ್ನು ನೋಡಲು ಅದೇ ಮೂರು ದಿನಕ್ಕೆ ಟಿಕೆಟ್ ಮಾಡಿಸಿದ್ದೆವು. ಮನೆ ತುಂಬಿ ಗದ್ದಲವೋ ಗದ್ದಲ. ಆಮೇಲೆ ಐದು ವಾರ ಆ ಮನೆಯ ಬಾಗಿಲಿಗೆ ಮಕ್ಕಳು ಯಾರೂ ಹೋಗುವಂತಿರಲಿಲ್ಲ. ಅವ್ವ ಫೋನಿನಲ್ಲಿ ನಗುತ್ತಲೇ ಅಂದಳು: "ಬಂದರ ಜಾತ್ರಿ, ಹೋದರ ಬಯಲು." ಯಾರ ಪಟ್ಟಿಯಲ್ಲೂ ತಪ್ಪಿರಲಿಲ್ಲ ಎಂಬುದೇ ಇಲ್ಲಿನ ವಿಶೇಷ. ಒಂದೊಂದೂ ಸರಿ, ಕೂಡಿಸಿದರೆ ಲೆಕ್ಕ ತಾಳೆಯಾಗುವುದಿಲ್ಲ. ಲೆಕ್ಕಪತ್ರದವಳಾದ ನನಗೆ ಇದು ಹೊಸದಲ್ಲ. ಪ್ರತಿ ಶಾಖೆಯ ಪುಸ್ತಕ ಸರಿಯಿದ್ದರೂ ಒಟ್ಟು ಲೆಕ್ಕ ಒಂದೆಡೆ ಬರುವವರೆಗೆ ಏನು ಎರಡು ಸಲ ಬಂದಿದೆ, ಏನು ಬಿಟ್ಟುಹೋಗಿದೆ ಎಂದು ಕಾಣುವುದಿಲ್ಲ.

ಅಷ್ಟರಲ್ಲಿ ಅವ್ವನ ಬಲಗಣ್ಣಿಗೆ ಪೊರೆಯ ಶಸ್ತ್ರಕ್ರಿಯೆ ಮಾಡಿಸಬೇಕೆಂದು ಡಾಕ್ಟರು ಹೇಳಿದರು. ದೊಡ್ಡ ಶಸ್ತ್ರಕ್ರಿಯೆ ಅಲ್ಲ, ಅಂದೇ ಮನೆಗೆ ಕಳಿಸುತ್ತಾರೆ. ಆದರೆ ಮಾರನೆಯ ದಿನ ತೋರಿಸಬೇಕು, ವಾರದ ಮೇಲೆ ತೋರಿಸಬೇಕು, ವಾರಗಟ್ಟಲೆ ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಹಾಕಬೇಕು. ಒಬ್ಬಳೇ ಇರುವ ಹೆಂಗಸಿಗೆ ಅದು ಆಗುವ ಮಾತಲ್ಲ. ಐದೂ ಪಟ್ಟಿಗಳನ್ನು ಒಂದೇ ಕ್ಯಾಲೆಂಡರಿಗೆ ತರಲು ಕೂತದ್ದು ಆಗ.

ಕೂತಾಗ ತಿಳಿದ ಮೊದಲ ಸಂಗತಿ: ನೋಷನ್‌ನಲ್ಲಿ ಒಂದು ಕ್ಯಾಲೆಂಡರ್ ನೋಟ ಒಂದೇ ಪಟ್ಟಿಯ ಸಾಲುಗಳನ್ನು ತೋರಿಸುತ್ತದೆ. ಐದು ಪಟ್ಟಿಯಿದ್ದರೆ ಒಂದೇ ಪುಟದಲ್ಲಿ ಐದು ಕ್ಯಾಲೆಂಡರುಗಳನ್ನು ಒಂದರ ಕೆಳಗೊಂದು ಇಡಬಹುದು, ಆದರೆ ಒಂದು ಚೌಕದೊಳಗೆ ಐದನ್ನೂ ಇಳಿಸಲಾಗದು. ಇದಕ್ಕೆ ಎರಡು ದಾರಿಗಳಿವೆ. ಒಂದು, ನೋಷನ್ ಕ್ಯಾಲೆಂಡರ್ ಎಂಬ ಬೇರೆ ಆ್ಯಪ್. 2024ರ ಜನವರಿಯಲ್ಲಿ ಬಂದದ್ದು. ದಿನಾಂಕದ ಕಾಲಮ್ ಇರುವ ಹಲವು ಪಟ್ಟಿಗಳನ್ನು ಅದು ಗೂಗಲ್ ಕ್ಯಾಲೆಂಡರಿನ ಜೊತೆಗೇ ಒಂದರ ಮೇಲೊಂದು ಹಾಸಿ ತೋರಿಸುತ್ತದೆ. ಪಟ್ಟಿಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ, ಕಣ್ಣಿಗೆ ಮಾತ್ರ ಒಟ್ಟಾಗುತ್ತವೆ. ಎರಡನೆಯದು, ಎಲ್ಲ ಸಾಲುಗಳನ್ನೂ ಒಂದೇ ದೊಡ್ಡ ಪಟ್ಟಿಗೆ ಸುರಿದು, 'ಯಾವ ಬಾಬತ್ತು' ಎಂಬ ಕಾಲಮ್ ಸೇರಿಸಿ, ಅವರವರಿಗೆ ಬೇಕಾದ ಸಾಲುಗಳನ್ನು ಸೋಸಿಕೊಡುವುದು.

ಒಬ್ಬರೇ ನೋಡುವುದಾದರೆ ಮೊದಲ ದಾರಿ ಸಾಕು. ನಾವು ಮೂವರು ಮೂರು ಊರಿನಲ್ಲಿ ಕೂತು ಒಂದನ್ನೇ ತಿದ್ದಬೇಕಿತ್ತು, ಒಂದೇ ಸೋಸುವಿಕೆ ಎಲ್ಲರಿಗೂ ಕಾಣಬೇಕಿತ್ತು. ಹಾಗಾಗಿ ಎರಡನೆಯದನ್ನು ಹಿಡಿದೆವು.

ಸುರಿಯುವ ಮೊದಲು ಕಾಲಮ್ಮುಗಳು ಒಂದಾಗಬೇಕು. ಅಣ್ಣ ಮುಗಿದ ಕೆಲಸಕ್ಕೆ ಬರೀ ಟಿಕ್ ಹಾಕುತ್ತಿದ್ದ. ತಂಗಿಯದು ಟೀಚರಮ್ಮನ ರೀತಿ: ಶುರುವಾಗಿಲ್ಲ, ನಡೆದಿದೆ, ಮುಗಿದಿದೆ ಎಂಬ ಮೂರು ಹಂತ. ಕೆಲವು ಕಡೆ ಅಣ್ಣ ದಿನಾಂಕದ ಜಾಗದಲ್ಲಿ 'ಮುಂದಿನ ವಾರ' ಎಂದು ಅಕ್ಷರದಲ್ಲೇ ಬರೆದಿದ್ದ. ಯಂತ್ರಕ್ಕೆ ಅದು ದಿನಾಂಕವಲ್ಲ, ಮಾತು. ಹಾಗಾಗಿ ಒಂದು ಭಾನುವಾರ ಮೂವರೂ ವಿಡಿಯೊ ಕರೆಯಲ್ಲಿ ಕೂತು, ಕೆಲಸದ ಹೆಸರು, ದಿನಾಂಕ, ಬಾಬತ್ತು, ಯಾರು ಮಾಡುವವರು, ಸ್ಥಿತಿ ಎಂಬ ಐದೇ ಕಾಲಮ್ ಇರಲಿ ಎಂದು ಒಪ್ಪಿದೆವು. ಮಿಕ್ಕಿದ್ದನ್ನೆಲ್ಲ ಸಾಲಿನ ಒಳಗಿನ ಪುಟದಲ್ಲಿ ಬರೆದುಕೊಳ್ಳುವುದು. ಆಸ್ತಿ ಪಾಲಿಗೆ ಕೂತವರ ಹಾಗೆ ಎರಡು ತಾಸು ವಾದ ಮಾಡಿದೆವು ಎಂದು ನನ್ನ ಗಂಡ ಇನ್ನೂ ಚೇಷ್ಟೆ ಮಾಡುತ್ತಾರೆ.

ಇನ್ನು ರೈಲಿನ ಮಾತು. 2024ರ ನವೆಂಬರ್ 1ರಿಂದ ಮುಂಗಡ ಟಿಕೆಟ್ಟಿನ ಅವಧಿ 120 ದಿನದಿಂದ 60ಕ್ಕೆ ಇಳಿದಿದೆ. ಅಂದರೆ ಊರಿಗೆ ಹೋಗುವುದು ಒಂದು ಕೆಲಸವಲ್ಲ, ಎರಡು: ಹೋಗುವ ದಿನ ಮತ್ತು ಅದಕ್ಕಿಂತ ಅರವತ್ತು ದಿನ ಮೊದಲು ಬೆಳಗಿನ ಎಂಟು ಗಂಟೆಗೆ ಟಿಕೆಟ್ ತೆಗೆಯುವ ದಿನ. ಸೂತ್ರದ ಕಾಲಮ್ಮಿನಲ್ಲಿ ಪ್ರಯಾಣದ ದಿನಾಂಕದಿಂದ ಅರವತ್ತು ಕಳೆದರೆ ಆ ದಿನ ತಾನೇ ಬರುತ್ತದೆ. ಆದರೆ ಕ್ಯಾಲೆಂಡರ್ ನೋಟವು ಒಂದು ಸಾಲನ್ನು ಒಂದು ದಿನಾಂಕದ ಕಾಲಮ್ ಹಿಡಿದೇ ಕೂರಿಸುವುದು. ಹೀಗಾಗಿ ಟಿಕೆಟ್ ತೆಗೆಯುವುದನ್ನು ಬೇರೆಯದೇ ಸಾಲಾಗಿ ಬರೆಯುವ ಪದ್ಧತಿ ಮಾಡಿಕೊಂಡೆವು.

ತಿಥಿಗಳದು ಇನ್ನೊಂದು ಪೇಚು. ಅಪ್ಪನ ಶ್ರಾದ್ಧವನ್ನು 'ಪ್ರತಿ ವರ್ಷ' ಎಂದು ಪುನರಾವರ್ತನೆಗೆ ಹಾಕಿದರೆ ಆ್ಯಪ್ ಇಂಗ್ಲಿಷ್ ತಾರೀಖನ್ನೇ ಹಿಡಿದುಕೊಳ್ಳುತ್ತದೆ. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ. ಹಾಗಾಗಿ ತಿಥಿ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅಧಿಕ ಮಾಸ ಬಂದಾಗ ಒಮ್ಮೆಲೇ ಮುಂದೆ ಹೋಗುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠವಿದೆ. ಆದ್ದರಿಂದ ಯುಗಾದಿಗೆ ಹೊಸ ಪಂಚಾಂಗ ಬಂದ ಮೇಲೆ ಆ ವರ್ಷದ ತಿಥಿಗಳನ್ನು ಕೈಯಾರೆ ತುಂಬುವುದು ತಂಗಿಯ ಪಾಲಿಗೆ ಬಂತು. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಪಟ್ಟಿಗಳನ್ನು ಒಂದೇ ದಿನದ ಎದುರು ಕೂಡಿಸುವ ಈ ವಿದ್ಯೆ ನಮ್ಮ ಹಿರಿಯರಿಗೆ ಎಂದೋ ಗೊತ್ತಿತ್ತು ಎಂದು ಅವಳೇ ನೆನಪಿಸಿದಳು.

ಎಲ್ಲ ಕೂಡಿದ ಮೇಲೆ ನವೆಂಬರ್ ತಿಂಗಳನ್ನು ತೆರೆದೆವು. ಬಾಬತ್ತಿಗೊಂದು ಬಣ್ಣ. 1ಕ್ಕೆ ರಾಜ್ಯೋತ್ಸವ, ಇಲ್ಲಿನ ನಮ್ಮ ಕನ್ನಡ ಸಂಘದ ಕೆಲಸ ನನಗೆ. 7, 11, 20 ನನ್ನ ಆಫೀಸಿನವು. ತಂಗಿಗೆ ಒಂದೊಂದು ದಿನ ರಜೆ ಸಿಕ್ಕೀತು, ವಾರಗಟ್ಟಲೆ ಇಲ್ಲ. ಅಣ್ಣನಿಗೆ ಡಿಸೆಂಬರ್ ಮೊದಲ ವಾರ ಬಿಡುವು.

ಆಗ ಕಂಡದ್ದು ಎರಡು ಬೇರೆ ಪಟ್ಟಿಯಿಂದ ಬಂದು ಅಕ್ಕಪಕ್ಕ ಕೂತ ಎರಡು ಸಾಲುಗಳು. ಪಿಂಚಣಿಯ ಪಟ್ಟಿಯಿಂದ 'ಜೀವನ ಪ್ರಮಾಣ ಪತ್ರ, ನವೆಂಬರ್ 1ರಿಂದ 30'. ಔಷಧದ ಪಟ್ಟಿಯಿಂದ 'ಕಣ್ಣಿನ ಶಸ್ತ್ರಕ್ರಿಯೆ, ನವೆಂಬರ್'. ಬ್ಯಾಂಕಿನವರೆಗೆ ಹೋಗದೆ ಫೋನಿನಲ್ಲೇ ಮುಖ ತೋರಿಸಿ ಪ್ರಮಾಣ ಪತ್ರ ಕೊಡುವ ಸೌಲಭ್ಯ 2021ರಿಂದ ಇದೆ. ಅದರಲ್ಲಿ ಕಣ್ಣು ಮಿಟುಕಿಸಲು ಹೇಳುತ್ತಾರೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು ಏನು ಮಿಟುಕಿಸಬೇಕು? ಪ್ರಮಾಣ ಪತ್ರ ಮೊದಲು, ಕಣ್ಣು ಆಮೇಲೆ ಎಂದು ಆ ಕ್ಷಣವೇ ತೀರ್ಮಾನವಾಯಿತು. ಪಕ್ಕದ ಮನೆಯ ಹುಡುಗಿ ನವೆಂಬರ್ ಮೊದಲ ವಾರದಲ್ಲೇ ಅದನ್ನು ಮಾಡಿಕೊಟ್ಟಳು.

ಶಸ್ತ್ರಕ್ರಿಯೆಗೆ ಅಣ್ಣ 20ನೇ ತಾರೀಖು ಸೂಚಿಸಿದ್ದ. ನನ್ನ ರಿಟರ್ನ್ ದಿನವೇ ಅದು ಎಂದು ನಾನು ಹೇಳುವಷ್ಟರಲ್ಲಿ ಅವ್ವ ಕರೆಯಲ್ಲಿ ಸೇರಿಕೊಂಡಳು.

"ಗುರುವಾರ ಬ್ಯಾಡಪಾ. ಗುರುವಾರ ನಮ್ಮ ಭಜನಿ ಅದ."

"ಅವ್ವಾ, ಒಂದು ವಾರ ಭಜನಿ ಬಿಟ್ರ ಏನಾಗ್ತದ?" ಅಂದ ಅಣ್ಣ.

"ಹಾರ್ಮೋನಿಯಮ್ ನಾ ಬಾರಸ್ತೇನಲ್ಲ, ಅದಾಗ್ತದ," ಅಂದಳು. ಆಮೇಲೆ ತಂಗಿ ಪರದೆಯಲ್ಲಿ ತೋರಿಸುತ್ತಿದ್ದ ಬಣ್ಣಬಣ್ಣದ ಚೌಕಗಳನ್ನು ಓದಿಸಿಕೊಂಡು ಹೇಳಿದಳು: "ನಿಮ್ಮ ಕ್ಯಾಲೆಂಡರಿನ್ಯಾಗ ನಾ ಬರೇ ಕಣ್ಣು, ಬಿಪಿ, ಪಿಂಚಣಿ ಆಗೇನಿ. ನಾನೂ ಏನರೆ ಮಾಡ್ತೇನಲ್ಲ?"

ಮೂವರೂ ಸುಮ್ಮನಾದೆವು. ಅವಳ ಮಾತು ಬೈಗುಳವಾಗಿರಲಿಲ್ಲ, ಆರನೆಯ ಪಟ್ಟಿಯಾಗಿತ್ತು. ಅಂದು ಅವಳ ಬಾಯಿಂದ ಕೇಳಿ ಬರೆದುಕೊಂಡದ್ದು: ಗುರುವಾರ ಭಜನೆ. ಏಕಾದಶಿಗೆ ಮಠ. ಪಕ್ಕದ ಮನೆಯ ಹುಡುಗಿಗೆ ವಾರಕ್ಕೆರಡು ದಿನ ಹಾಡು ಹೇಳಿಕೊಡುವುದು. ಜೊತೆಗೆ ದಿನಾಂಕವೇ ಇಲ್ಲದ ಕೆಲವು: ಅಪ್ಪನ ಸೈಕಲ್ ಯಾರಿಗಾದರೂ ಕೊಡುವುದು, ಹುಬ್ಬಳ್ಳಿಯ ಗೆಳತಿಯನ್ನು ಒಮ್ಮೆ ನೋಡಿಬರುವುದು. ದಿನಾಂಕವಿಲ್ಲದ ಸಾಲು ಕ್ಯಾಲೆಂಡರಿನ ಯಾವ ಚೌಕಕ್ಕೂ ಬರುವುದಿಲ್ಲ, ಬೇರೆಯಾಗಿ ಒಂದೆಡೆ ಕೂತಿರುತ್ತದೆ. ಅವ್ವನ ಆಸೆಗಳೆಲ್ಲ ಅಲ್ಲಿಯೇ ಕೂತವು. 'ಯಾರು ಮಾಡುವವರು' ಎಂಬ ಕಾಲಮ್ಮಿನಲ್ಲಿ ಅಂದು ನಾಲ್ಕನೆಯ ಹೆಸರು ಸೇರಿತು: ಅವ್ವ.

ಶಸ್ತ್ರಕ್ರಿಯೆ 24ನೇ ಸೋಮವಾರ ಎಂದಾಯಿತು. ನಾನು 21ರ ರಾತ್ರಿ ಹೊರಡಬೇಕು. ಅರವತ್ತು ದಿನ ಹಿಂದೆ ಎಣಿಸಿದರೆ ಸೆಪ್ಟೆಂಬರ್ 22. ಆ ಚೌಕದಲ್ಲಿ ಆಗಲೇ ನವರಾತ್ರಿಯ ಘಟಸ್ಥಾಪನೆ ಕೂತಿತ್ತು. ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದದ್ದೂ ಅಂದೇ, ಆಫೀಸಿನಲ್ಲಿ ಉಸಿರಾಡಲು ಬಿಡುವಿರಲಿಲ್ಲ. ಟಿಕೆಟ್ಟಿನ ಸಾಲನ್ನು ಗಂಡನ ಹೆಸರಿಗೆ ಬರೆದೆ. ನಾನು ದೀಪ ಹಚ್ಚುವ ಹೊತ್ತಿಗೆ ಅವರು ಟಿಕೆಟ್ ತೆಗೆದಿದ್ದರು. ತಂಗಿ ಪುಣೆ–ಹುಬ್ಬಳ್ಳಿ ವಂದೇ ಭಾರತ್ ಹಿಡಿದು 29ರ ಶನಿವಾರ ರಾತ್ರಿ ಧಾರವಾಡಕ್ಕೆ ಬಂದಳು. ಮರುದಿನ ನಾನು ಹೊರಟೆ. ಅವಳ ನಂತರ ಅಣ್ಣ. ಹನಿ ಹಾಕುವ ಕೈ ಬದಲಾಯಿತು, ಹೊತ್ತು ತಪ್ಪಲಿಲ್ಲ.

ಈ ಕ್ಯಾಲೆಂಡರು ನಮಗೆ ಹೆಚ್ಚಿನ ಒಂದು ದಿನವನ್ನೂ ಕೊಟ್ಟಿಲ್ಲ. ಅವ್ವ ಈಗಲೂ ಒಬ್ಬಳೇ ಇದ್ದಾಳೆ, ನಾವು ಈಗಲೂ ಮೂರು ಊರಿನಲ್ಲಿದ್ದೇವೆ. ಕೂಡಿಸಿ ನೋಡಿದಾಗ ನನಗೆ ಕಂಡದ್ದು ಇಷ್ಟು: ಬೇರೆಬೇರೆ ಪಟ್ಟಿಗಳಲ್ಲಿ ಪ್ರತಿಯೊಬ್ಬರ ಕಷ್ಟವೂ ದೊಡ್ಡದಾಗಿ ಕಾಣುತ್ತದೆ. ಒಂದೇ ಚೌಕದಲ್ಲಿ ಇಟ್ಟಾಗ ಅಣ್ಣನ ರಾತ್ರಿ ಪಾಳಿ ಎಷ್ಟೆಂಬುದು ನನಗೆ, ನನ್ನ 20ನೇ ತಾರೀಖು ಏನೆಂಬುದು ತಂಗಿಗೆ ತಿಳಿಯುತ್ತದೆ. 'ನೀ ಯಾಕೆ ಹೋಗಲಿಲ್ಲ' ಎಂಬ ಮಾತು ನಮ್ಮಲ್ಲಿ ಈಗ ಕಡಿಮೆಯಾಗಿದೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದನ್ನು ಮಾಡುವುದಾದರೆ ಕಾಲಮ್ಮುಗಳು ಕಡಿಮೆಯಿರಲಿ, ಟಿಕೆಟ್ ತೆಗೆಯುವ ದಿನಕ್ಕೆ ಬೇರೆ ಸಾಲಿರಲಿ, ತಿಥಿಗಳನ್ನು ಪಂಚಾಂಗ ನೋಡಿಯೇ ತುಂಬಿ. ಯಾರ ಸಲುವಾಗಿ ಪಟ್ಟಿ ಮಾಡುತ್ತಿದ್ದೀರೋ ಅವರದೇ ಪಟ್ಟಿಯನ್ನು ಮೊದಲು ಕೇಳಿ ಬರೆಯಿರಿ.

ತಂಗಿ ಈಗ ತಿಂಗಳ ಕೊನೆಗೆ ಮುಂದಿನ ತಿಂಗಳ ಹಾಳೆಯನ್ನು ಮುದ್ರಿಸಿ ಧಾರವಾಡಕ್ಕೆ ಕಳಿಸುತ್ತಾಳೆ. ಅದು ಗೋಡೆಯ ಕ್ಯಾಲೆಂಡರಿನ ಪಕ್ಕದ ಮೊಳೆಗೆ ಬೀಳುತ್ತದೆ. ಅವ್ವ ಪೆನ್ಸಿಲಿನಲ್ಲಿ ತಿದ್ದುತ್ತಾಳೆ, ಪಕ್ಕದ ಮನೆಯ ಹುಡುಗಿ ಫೋಟೊ ತೆಗೆದು ಕಳಿಸುತ್ತಾಳೆ. ಹೋದ ತಿಂಗಳ ಹಾಳೆಯಲ್ಲಿ ನಾನು ಬರೆದಿದ್ದ ಬಿಪಿ ತಪಾಸಣೆಯನ್ನು ಅವಳು ಬುಧವಾರಕ್ಕೆ ದೂಡಿದ್ದಳು. ಮಂಗಳವಾರದ ಚೌಕದಲ್ಲಿ 'ಹುಬ್ಬಳ್ಳಿ, ಗೆಳತಿ' ಎಂದು ಗುಂಡಗೆ ಬರೆದಿತ್ತು.