ಹಳೇ ಆಟ, ಹೊಸ ರಾಜವಂಶ

ಒಂದೇ ಆಟವನ್ನು ಎಷ್ಟು ಸಲ ಕೊಳ್ಳಬಹುದು? ‘ಏಜ್ ಆಫ್ ಎಂಪೈರ್ಸ್ 2’ ಆಡಿ ಬೆಳೆದವರಿಗೆ ಇದು ಆಗಾಗ ಎದುರಾಗುವ ಪ್ರಶ್ನೆ. ಆಟ ಮೊದಲು ಬಂದದ್ದು 1999ರಲ್ಲಿ. ಮರುವರ್ಷವೇ ‘ದಿ ಕಾಂಕರರ್ಸ್’ ಎಂಬ ವಿಸ್ತರಣೆ ಬಂತು. 2013ರಲ್ಲಿ ಎಚ್‌ಡಿ ಆವೃತ್ತಿ, 2019ರಲ್ಲಿ ‘ಡೆಫಿನಿಟಿವ್ ಎಡಿಷನ್’. ಈ ಕೊನೆಯದರಲ್ಲಿ ಚಿತ್ರಗಳೆಲ್ಲ ಹೊಸವು, ಹಿಂದಿನ ವಿಸ್ತರಣೆಗಳೆಲ್ಲ ಒಂದೇ ಗಂಟಿನಲ್ಲಿ. ಅದರ ಮೇಲೆ ಬೇರೆ ದುಡ್ಡು ಕೊಟ್ಟು ಕೊಳ್ಳುವ ಕಂತುಗಳೂ ಇವೆ. 2022ರ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಅಂಥದ್ದು.

ಹೊಸನಗರದಲ್ಲಿ ಪಿಯುಸಿ ಓದುವ ಅಕ್ಕನ ಮಗ ಇದನ್ನು ತೋರಿಸಿ, “ಮಾವ, ತಗೊಳ್ಳೋದಾ, ಬೇಡ್ವಾ?” ಅಂದ. ಅವನ ಹತ್ತಿರ ಹಳೆಯ ಆಟ ಇದೆ. ಹೊಸದು ಹತ್ತಾರು ಜಿಬಿ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಕೈಕೊಡುವ ನಮ್ಮ ಕಡೆ ಅದನ್ನು ಇಳಿಸಿಕೊಳ್ಳುವುದೇ ಒಂದು ಯುದ್ಧ. ದುಡ್ಡು ಅವನಪ್ಪನ ಅಡಿಕೆಯದ್ದು.

ಬರೀ ಚಿತ್ರ ಚೆಂದವಾಯಿತೆಂದು ಮತ್ತೆ ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ಕಾಸು ಕೊಟ್ಟು ಆಡುತ್ತಿದ್ದಾಗ ಕುರಿ ಹುಡುಕಿ, ಮರ ಕಡಿದು, ಊರು ಕಟ್ಟುವ ಸುಖಕ್ಕೆ ಮಸುಕು ಚಿತ್ರಗಳು ಅಡ್ಡಿಯಾಗಿರಲಿಲ್ಲ. ಕೊರತೆ ಬೇರೆಯಿತ್ತು. ಆಗ ಆಟದಲ್ಲಿದ್ದ 13 ಜನಾಂಗಗಳಲ್ಲಿ ಭಾರತದ್ದು ಒಂದೂ ಇರಲಿಲ್ಲ. ಯುದ್ಧದಾನೆ ಬೇಕೆಂದರೆ ಪರ್ಷಿಯನ್ನರಾಗಬೇಕಿತ್ತು. ಜೋನ್ ಆಫ್ ಆರ್ಕ್, ಸಲಾದಿನ್, ಬಾರ್ಬರೋಸಾ ಇವರ ದಂಡಯಾತ್ರೆಗಳು ನಮಗೆ ಬಾಯಿಪಾಠ. ಕೆಳದಿ ಅರಸರ ಬಿದನೂರು, ಅಂದರೆ ಇವತ್ತಿನ ನಗರ, ಬಸ್ಸು ಹತ್ತಿದರೆ ಸಿಗುವಷ್ಟು ಹತ್ತಿರ. ಅಲ್ಲಿ ಯಾರು ಯಾರನ್ನು ಎದುರಿಸಿದರು ಎಂಬುದು ಮಾತ್ರ ಪಠ್ಯಪುಸ್ತಕದ ಒಂದು ಪ್ಯಾರಾ.

2022ರ ಕಂತು ಈ ಕೊರತೆಯನ್ನು ತುಂಬುವ ಹಾಗೆ ಕಾಣುತ್ತದೆ. ಬಂಗಾಳಿಗಳು, ಗುರ್ಜರರ ಜೊತೆ ದ್ರಾವಿಡರೂ ಬಂದಿದ್ದಾರೆ. ಅವರಿಗೆ ಕಾಲಾಳುಗಳ, ಹಡಗುಗಳ ಬಲ. ಹೊಸ ಯುಗಕ್ಕೆ ಕಾಲಿಟ್ಟಾಗಲೆಲ್ಲ 200 ಕಟ್ಟಿಗೆ ಪುಕ್ಕಟೆ. ಮಲೆನಾಡಿನವನಿಗೆ ಇನ್ನೇನು ಬೇಕು! ಆದರೆ ದಂಡಯಾತ್ರೆ ರಾಜೇಂದ್ರ ಚೋಳನದ್ದು, ಕಲ್ಯಾಣದ ಚಾಲುಕ್ಯರ ಎದುರಾಳಿಯದ್ದು. ಅವನ ಕಡೆ ನಿಂತು ಆಡುವುದರಲ್ಲಿ ತಪ್ಪೇನಿಲ್ಲ, ಚರಿತ್ರೆಯನ್ನು ಆಚೆ ದಡದಿಂದ ನೋಡಿದ ಹಾಗಾಗುತ್ತದೆ. ಆದರೆ ಇಡೀ ದಕ್ಷಿಣವನ್ನು ಒಂದೇ ಬಾವುಟದಡಿ ಕಟ್ಟಿದ್ದನ್ನು ‘ಅಂತೂ ನಮ್ಮದು ಬಂತು’ ಎಂದು ಕೊಂಡರೆ, ದುಡ್ಡು ಕೊಟ್ಟದ್ದು ಹೆಮ್ಮೆಗೇ ಹೊರತು ಆಟಕ್ಕಲ್ಲ.

ಈ ಲೆಕ್ಕದಲ್ಲಿ ಮರೆತುಹೋಗುವ ಸಂಗತಿ ಒಂದಿದೆ. 1999ರ ಆಟದಲ್ಲೇ ಸಿನಾರಿಯೋ ಎಡಿಟರ್ ಇತ್ತು. ಗುಡ್ಡ, ಹೊಳೆ, ಕಾಡು, ಕೋಟೆಗಳನ್ನು ನಾವೇ ಇಟ್ಟು ನಮ್ಮದೇ ಯುದ್ಧ ಕಟ್ಟಬಹುದು. 17ನೇ ಶತಮಾನದಲ್ಲಿ ಕೆಳದಿ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದಳು. ಅದನ್ನು ಆಟವಾಗಿಸಿದರೆ ಗೆಲುವೆಂದರೆ ಶತ್ರುವಿನ ಊರು ಸುಡುವುದಲ್ಲ. ಆಶ್ರಯ ಬೇಡಿ ಬಂದವನು ಜಿಂಜಿಯ ದಾರಿ ಹಿಡಿಯುವ ತನಕ ತಡೆದು ನಿಲ್ಲುವುದು. ಇಂಥ ಗೆಲುವು ಯಾವ ಗಂಟಿನಲ್ಲೂ ಕಟ್ಟಿಬರುವುದಿಲ್ಲ, ಕೂತು ಮಾಡಬೇಕು.

ಹಾಗಾಗಿ ಹುಡುಗನಿಗೆ ಹೇಳಿದ್ದು ಇಷ್ಟು: ಮೊದಲು ಹಳೆಯ ಎಡಿಟರ್‌ನಲ್ಲಿ ಬಿದನೂರು ಕಟ್ಟು. ಅಲ್ಲಿಲ್ಲದ ಆನೆಯೋ ಸೈನಿಕನೋ ಬೇಕೇಬೇಕು ಅನ್ನಿಸಿದ ದಿನ ಹೊಸದನ್ನು ಕೊಳ್ಳೋಣ, ಅದೂ ರಿಯಾಯಿತಿ ಬಂದಾಗ. ಆಗ ಏತಕ್ಕೆ ಕೊಳ್ಳುತ್ತಿದ್ದೇವೆ ಎಂಬುದು ನಮಗೇ ಗೊತ್ತಿರುತ್ತದೆ.