ಚಮಚ ಮತ್ತು ಕಸಬರಿಗೆ

ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಒಂದು ಮಳೆಗಾಲದ ಬೆಳಗ್ಗೆ ನಮ್ಮ ಕೊರಳ ಮೇಲೆ ಉರಿಗುಳ್ಳೆಗಳೆದ್ದವು. 'ರಾತ್ರಿ ಜೇಡ ಹರಿದಾಡಿದೆ' ಎಂದು ಹಿರಿಯ ವಿದ್ಯಾರ್ಥಿಗಳು ತೀರ್ಪಿತ್ತರು. ನಾವು ಕಸಬರಿಗೆ ಹಿಡಿದು ಕೋಣೆಯ ಮೂಲೆಮೂಲೆಯ ಜೇಡಗಳನ್ನೆಲ್ಲ ಹೊಡೆದು ಹಾಕಿದೆವು. ಅಂತಹ ಗುಳ್ಳೆಗಳಿಗೆ ಬಹುಮಟ್ಟಿಗೆ ಕಾರಣ ಮಳೆಗಾಲದಲ್ಲಿ ದೀಪಕ್ಕೆ ಬರುವ ಕಪ್ಪು-ಕಿತ್ತಳೆ ಬಣ್ಣದ ಸಣ್ಣದೊಂದು ಹುಳು. ಮೈಮೇಲೆ ಅದನ್ನು ಉಜ್ಜಿದರೆ ಅದರ ದೇಹರಸದಿಂದ ಚರ್ಮ ಸುಡುತ್ತದೆ. ಇದು ನಮಗೆ ತಿಳಿದುದು ಐವತ್ತು ದಾಟಿದ ಮೇಲೆ.

ಆ ಕಸಬರಿಗೆ ಮತ್ತೆ ನೆನಪಾದುದು ಅಮೆರಿಕೆಯ ಟೆಕ್ಸಾಸಿನಲ್ಲಿ, ನಮ್ಮ ತಮ್ಮನ ಮಗನ ಮನೆಯಲ್ಲಿ. ಕಾಲೇಜು ಓದುವ ಅವನ ಮಗ ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಗಲದ, ಮೈತುಂಬ ರೋಮವಿರುವ ಹೆಣ್ಣು ಜೇಡವೊಂದನ್ನು ಸಾಕಿದ್ದಾನೆ. ಚಿಲಿ ದೇಶದ ಜಾತಿ, ಟ್ಯಾರಂಟುಲಾ ಎನ್ನುತ್ತಾರೆ. ಈ ಹೆಸರು ಇಟಲಿಯ ಟಾರಾಂಟೋ ಪಟ್ಟಣದ್ದು. ಜೇಡ ಕಚ್ಚಿದವರು ಕುಣಿದು ಕುಣಿದು ಬೆವರಿದರೆ ಮಾತ್ರ ವಿಷ ಇಳಿಯುವುದೆಂದು ಆ ಸೀಮೆಯ ಜನ ಶತಮಾನಗಳ ಕಾಲ ನಂಬಿದ್ದರು. ಅಲ್ಲಿಯ ಆ ಜೇಡವಾದರೋ ಬೇರೆಯೇ ಜಾತಿಯದು, ಅಷ್ಟೇನೂ ಅಪಾಯಕಾರಿಯೂ ಅಲ್ಲ. ನಮ್ಮ ಹಿರಿಯ ವಿದ್ಯಾರ್ಥಿಗಳಿಗೆ ಅಲ್ಲಿಯೂ ಬಂಧುಗಳಿದ್ದರೆಂದಾಯಿತು!

ಚಿಲಿಯ ಈ ಜೇಡ ಕಚ್ಚಿದರೆ ಸಾಮಾನ್ಯವಾಗಿ ಜೇನ್ನೊಣ ಕುಟುಕಿದಷ್ಟು ನೋವು. ಟ್ಯಾರಂಟುಲಾ ಕಡಿತದಿಂದ ಮನುಷ್ಯರು ಸತ್ತ ಖಚಿತ ದಾಖಲೆಯಿಲ್ಲ. ಕಾಡುವುದು ಅದರ ಹೊಟ್ಟೆಯ ಮೇಲಿನ ರೋಮ. ಬೆದರಿದಾಗ ಹಿಂಗಾಲಿನಿಂದ ಕೆರೆದು ಎರಚುತ್ತದೆ, ಕಣ್ಣಿಗೆ ಬಿದ್ದರೆ ವೈದ್ಯರಲ್ಲಿಗೆ ಹೋಗಬೇಕಾದೀತು. ಹಾಗೆಂದು ಎಲ್ಲವೂ ಸಾಧುಗಳಲ್ಲ. ನಮ್ಮ ಪಶ್ಚಿಮ ಘಟ್ಟದ ಮರದ ಪೊಟರೆಗಳಲ್ಲಿ ವಾಸಿಸುವ ಪೊಯಿಸಿಲೋಥೀರಿಯಾ ಜೇಡಗಳು ಕಚ್ಚಿದರೆ ಸ್ನಾಯುಸೆಳೆತ ದಿನಗಟ್ಟಲೆ ಬಾಧಿಸಬಹುದು.

ಎರಡು ವಾರಗಳಿಂದ ಆಹಾರ ಮುಟ್ಟದಿದ್ದ ಆ ಜೇಡ ಒಂದು ಬೆಳಗ್ಗೆ ಎಂಟೂ ಕಾಲು ಮೇಲೆ ಮಾಡಿ ಅಂಗಾತ ಬಿದ್ದಿತ್ತು. ಮನೆಯಲ್ಲಿ ನಾವೊಬ್ಬರೇ. ಹುಡುಗ ಕಂಡು ನೊಂದುಕೊಳ್ಳುವ ಮೊದಲೇ ಹಿತ್ತಲಲ್ಲಿ ಹೂಳೋಣವೆಂದು ಮುಚ್ಚಳ ತೆಗೆದು, ಚಮಚವನ್ನೂ ಹಿಡಿದೆವು. ಅವನಿಗೆ ಹೇಳದೆ ಹೂಳುವುದು ಸರಿಯೆನಿಸಲಿಲ್ಲ, ಫೋನ್ ಮಾಡಿದೆವು.

'ಅಜ್ಜಾ, ಮುಟ್ಟಬ್ಯಾಡ್ರಿ! ಅದು ಪೊರಿ ಬಿಡಾಕತ್ತೈತಿ!'

ಆಗ ಅದರ ಹೊಸ ಮೈ ಬೆಣ್ಣೆಯಂತೆ ಮೆತ್ತಗಿರುತ್ತದೆ. ಅಲುಗಿಸಿದರೆ ನಿಜವಾಗಿಯೂ ಸತ್ತೀತು. ಕುರ್ಚಿ ಎಳೆದುಕೊಂಡು ಕುಳಿತೆವು. ಹಳೆಯ ಚರ್ಮ ಬಿರಿಯಿತು, ಒಂದೊಂದೇ ಕಾಲು ಕೈಗವಸಿನಿಂದ ಬೆರಳು ಬಿಡಿಸಿಕೊಂಡಂತೆ ಹೊರಬಂದಿತು. ವಿಷದ ಹಲ್ಲುಗಳು ಹಾಲಿನಂತೆ ಬೆಳ್ಳಗಿದ್ದವು. ಮಧ್ಯಾಹ್ನದ ಊಟ ಮರೆತೇಹೋಯಿತು.

ಸಂಜೆ ಹುಡುಗ ಬಂದಾಗ ಪೆಟ್ಟಿಗೆಯಲ್ಲಿ ಎರಡು ಜೇಡಗಳಿದ್ದಂತೆ ಕಾಣುತ್ತಿತ್ತು. ಪಕ್ಕದಲ್ಲಿ ಬಿದ್ದಿದ್ದ ಚಮಚವನ್ನು ನೋಡಿ ಅವನು ನಮ್ಮತ್ತ ತಿರುಗಿದ. ನಡೆದುದನ್ನು ಒಪ್ಪಿಕೊಂಡೆವು, ಮಠದ ಕಸಬರಿಗೆಯ ಸಂಗತಿಯನ್ನೂ ಹೇಳಿದೆವು.