ಹರಾಜಿಗೆ ನನ್ನದೊಂದು ಚೀಟಿ

2024ರ ನವೆಂಬರ್. ಐಪಿಎಲ್ ಹರಾಜು ಜೆಡ್ಡಾದಲ್ಲಿ, ಆರ್‌ಸಿಬಿ ತಂಡ ಕಟ್ಟಿದ್ದು ಮಾತ್ರ ನಾನು, ಸಾಲಗಾಮೆಯ ನಮ್ಮನೆ ಜಗಲಿಯಲ್ಲಿ :) ಒಟ್ಟು 120 ಕೋಟಿ. ಕೊಹ್ಲಿಗೆ 21, ಪಾಟಿದಾರ್‌ಗೆ 11, ದಯಾಳ್‌ಗೆ 5 ಹೋಗಿ ಉಳಿದದ್ದು 83. ಚೀಟಿಯಲ್ಲಿ ಮೊದಲ ಹೆಸರು ನಮ್ಮ ರಾಹುಲ್. ಅಷ್ಟು ದುಡ್ಡಿಟ್ಕೊಂಡೂ ಬಿಟ್ರು ನೋಡಿ, 14 ಕೋಟಿಗೆ ಡೆಲ್ಲಿ ಪಾಲಾದ! ಮರುದಿನ ಕೃನಾಲ್ ಪಾಂಡ್ಯಗೆ 5.75 ಕೋಟಿ ಕೊಟ್ಟಾಗ ಚೀಟಿ ಹರಿದೇ ಹಾಕಿದೆ.

ಅವರೆಕಾಯಿ ಸುಲಿಯುತ್ತಿದ್ದ ಅಪ್ಪ ನಕ್ಕರು. "ನಿನ್ನ ಇಂಜಿನಿಯರಿಂಗ್ ಫೀಸಿಗೆ ನಾನೂ ಹಿಂಗೇ ಚೀಟಿ ಬರೀತಿದ್ದೆ ಕಣೋ, ಆಲೂಗಡ್ಡೆ ರೇಟು ಅಂದಾಜು ಹಾಕ್ಕೊಂಡು. ಒಂದು ವರ್ಷಾನೂ ಸರಿಹೋಗ್ಲಿಲ್ಲ." ನನಗದು ಗೊತ್ತೇ ಇರಲಿಲ್ಲ.

2025ರ ಜೂನ್ 3, ಫೈನಲ್. ಅದೇ ಕೃನಾಲ್: 4 ಓವರ್, 17 ರನ್, 2 ವಿಕೆಟ್, ಪಂದ್ಯಶ್ರೇಷ್ಠ. 18ನೇ ಸೀಸನ್‌ಗೆ ಕಪ್ ನಮ್ದು! ಕುಣಿದು ಸುಸ್ತಾಗಿ ಅಪ್ಪನಿಗೆ ಫೋನ್ ಮಾಡಿದೆ.

"ಹರಿದ ಚೀಟಿ ಎತ್ತಿಟ್ಟಿದೀನಿ, ಕಳಿಸ್ಲಾ?" ಅಂದ್ರು.